ಮೊಣಕಾಲುದ್ದ ನೀರು

ಈ ಸಲದ ಸಂಕ್ರಾಂತಿ ಮುಗಿದ ಮರುವಾರ ಬಬಲೇಶ್ವರದ ಸಾವಿತ್ರಕ್ಕ ವಿಜಯಪುರದ ನನ್ನ ಅಂಗಡಿಗೆ ಬಂದರು. ಸುಟ್ಟ ಪಂಪ್‌ಸೆಟ್ ಮೋಟರುಗಳ ನಡುವೆ ಇರುವ ಒಂದೇ ಸ್ಟೂಲನ್ನು ಅರಿವೆಯಿಂದ ಒರೆಸಿ ಕೊಟ್ಟೆ. ಕುಳಿತರು, ನೀರು ಕುಡಿದರು, ಸೆರಗಿನಿಂದ ಬಾಯಿ ಒರೆಸಿಕೊಂಡರು.

"ದಸ್ತಗೀರ ತಮ್ಮಾ, ನನಗ ಆ ಜಾಗಾ ತೋರಸು."

ಯಾವ ಜಾಗ ಎಂದು ನಾನು ಕೇಳಲಿಲ್ಲ. ಐದು ವರ್ಷದಿಂದ ಆ ಮಾತು ಅವರ ಬಾಯಿಂದ ಬಾರದಿರಲಿ ಎಂದುಕೊಂಡೇ ಬದುಕಿದ್ದವನು ನಾನು.

"ದೂರ ಆಗ್ತೈತ್ರಿ ಅಕ್ಕಾರ. ಬಸ್ಸಿನ್ಯಾಗ ಹತ್ತ ತಾಸು. ನಿಮ್ಮ ಮೊಣಕಾಲ ಬ್ಯಾರೆ..."

"ಮೊಣಕಾಲ ಇನ್ನ ಸ್ವಲ್ಪ ದಿನಕ್ಕ ಪೂರಾ ಕೂಡ್ರಸ್ತಾವು. ನಡ್ಯಾಕ ಬರೂದ್ರಾಗ ಒಮ್ಮೆ ನೋಡಿ ಬಂದ್‌ಬಿಡೂಣು. ಅವರು ಎಲ್ಲಿ ಹ್ವಾದ್ರು ಅಂತ ನನಗ ಗೊತ್ತ ಇಲ್ಲ ನೋಡು. ನಿನಗಷ್ಟ ಗೊತ್ತು."

ಹೌದು, ನನಗಷ್ಟೇ ಗೊತ್ತಿತ್ತು. ಸಾವಿತ್ರಕ್ಕ ಎದ್ದು ಹೋದ ಮೇಲೆ ಒಂದು ಮೋಟರಿಗೆ ತಂತಿ ಸುತ್ತಲು ಕುಳಿತೆ. ನೂರಾರು ಸುತ್ತು ಎಣಿಸಿ ಸುತ್ತುವ ಕೆಲಸ ಅದು. ಮೂರು ಸಲ ಲೆಕ್ಕ ತಪ್ಪಿತು. ತಂತಿ ಕೆಳಗಿಟ್ಟೆ. ಆ ಚಳಿಗಾಲ, ಆ ಅಳಿವೆ, ಮಾಸ್ತರು, ಮಾದೇವಿ, ಎಲ್ಲ ಒಟ್ಟಿಗೇ ಬಂದು ಎದುರಿಗೆ ನಿಂತವು.

ಸಾವಿತ್ರಕ್ಕನ ಯಜಮಾನರು ಮಲ್ಲಪ್ಪ ಮಾಸ್ತರು. ತಿಕೋಟಾದಲ್ಲಿ ನನಗೆ ನಾಲ್ಕನೆಯ ಇಯತ್ತೆ ಕಲಿಸಿದವರು. ಕರ್ನಾಟಕದ ನಕಾಶೆ ಬರೆಸಿ, ಎಡಗಡೆಯ ಅಂಚಿಗೆ ನೀಲಿ ಬಣ್ಣ ಹಚ್ಚಿಸಿ, "ಇದು ಕರಾವಳಿ, ಇಲ್ಲಿ ಮುಂದ ಬರೇ ನೀರು" ಎಂದು ಹೇಳಿಕೊಟ್ಟವರು. ಹಾಗೆ ವರ್ಷವರ್ಷವೂ ಹೇಳುತ್ತಲೇ ನಿವೃತ್ತರಾದರು, ಅರವತ್ತು ತುಂಬುವವರೆಗೂ ಸಮುದ್ರ ನೋಡಿರಲಿಲ್ಲ.

ನಮ್ಮಿಬ್ಬರನ್ನು ಮತ್ತೆ ಕೂಡಿಸಿದ್ದು ಗಾಳ. ನದಿಯ ನೀರು ಪೈಪಿನಲ್ಲಿ ಬಂದು ನಮ್ಮ ಕಡೆಯ ಕೆರೆಗಳು ತುಂಬತೊಡಗಿದ ಮೇಲೆ ನನಗೆ ಮೀನು ಹಿಡಿಯುವ ಚಟ ಹತ್ತಿತ್ತು. ರವಿವಾರ ಅಂಗಡಿ ಮುಚ್ಚಿ ಮಮದಾಪುರದ ಕೆರೆ ದಂಡೆಗೆ ಹೋಗುತ್ತಿದ್ದೆ. ಒಂದು ದಿನ ನೋಡಿದರೆ ಆಚೆ ಕಲ್ಲಿನ ಮೇಲೆ ಬಿಳಿ ಟೋಪಿಯ ಮುದುಕರೊಬ್ಬರು ಕೂತಿದ್ದಾರೆ. ಗಾಳಕ್ಕೆ ಸಿಕ್ಕ ಮೀನನ್ನು ಕೈ ತೋಯಿಸಿಕೊಂಡು ಹಿಡಿದು, ಮುಳ್ಳು ಬಿಡಿಸಿ, ಮಗುವನ್ನು ತೊಟ್ಟಿಲಿಗೆ ಹಾಕುವಂತೆ ನೀರಿಗೆ ಬಿಟ್ಟರು. ಹತ್ತಿರ ಹೋದರೆ ನಮ್ಮ ಮಾಸ್ತರು.

ಅವರು ಲಿಂಗಾಯತರು, ಮೀನು ತಿನ್ನುವವರಲ್ಲ. ಮನೆಗೆ ಗೊತ್ತಾಗಬಾರದೆಂದು ಗಾಳದ ರಾಡನ್ನು ಕೆರೆಯ ಕಾವಲುಗಾರನ ಗುಡಿಸಲಲ್ಲಿ ಇಡುತ್ತಿದ್ದರು. ಆದರೂ ಸಾವಿತ್ರಕ್ಕನಿಗೆ ಗೊತ್ತಾಯಿತು. "ಬಿಡೂದಿದ್ದರ ಹಿಡೀತೀರ್ಯಾಕ? ಅದಕ್ಕೂ ತ್ರಾಸು, ನಿಮಗೂ ಪಾಪ" ಎಂದು ಜಗಳ ತೆಗೆದರಂತೆ. ಮಾಸ್ತರು ನನ್ನ ಹತ್ತಿರ ಹೇಳಿದ್ದರು: "ಆಕಿಗೆ ಹೆಂಗ ತಿಳಿಸಿ ಹೇಳ್ಲಿ ದಸ್ತಗೀರ? ದಾರ ಜಗ್ಗತೈತಿ ನೋಡು, ಆಗ ಕಾಣದ ಒಂದ ಜೀವ ನನ್ನ ಕೈಗೆ ಹತ್ತತೈತಿ. ಅಷ್ಟಕ್ಕ ಬರ್ತೇನಿ ನಾ." ಆಮೇಲೆ ಅವರು ತಮ್ಮ ಗಾಳಗಳನ್ನೆಲ್ಲ ನನ್ನ ಅಂಗಡಿಗೆ ತಂದು, ಅವುಗಳ ಒಳಮುಳ್ಳನ್ನು ಅರದಿಂದ ಉಜ್ಜಿ ನುಣುಪು ಮಾಡಿಕೊಂಡು ಹೋದರು, ಮೀನಿನ ತುಟಿ ಹರಿಯದಿರಲಿ ಎಂದು.

ಆ ವರ್ಷದ ಮಳೆಗಾಲ ಮುಗಿಯುವಾಗ ನಾನು ಸಂಬಂಧಿಕರೊಬ್ಬರ ಮದುವೆಗೆ ಕುಮಟಾದ ಕಡೆ ಹೋಗಿದ್ದೆ. ಬಿಡುವಿನಲ್ಲಿ ರಾಡು ಹಿಡಿದು ಹತ್ತಿರದ ಅಳಿವೆಗೆ ಹೋದೆ. ಹೊಳೆ ಸಮುದ್ರಕ್ಕೆ ಸೇರುವ ಜಾಗ, ಅಗಲವಾದ ತೆಳು ನೀರು, ನಡುನಡುವೆ ಮರಳಿನ ದಿಬ್ಬ, ದಂಡೆಗುಂಟ ಉಪ್ಪುನೀರಿನಲ್ಲೇ ಬೇರು ಬಿಟ್ಟು ನಿಲ್ಲುವ ಕಾಂಡ್ಲಾ ಗಿಡಗಳು. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತ ನಡೆಯುತ್ತ ಒಂದು ದಿಬ್ಬ ಹತ್ತಿ ನಿಂತೆ. ತಿರುಗಿ ನೋಡಿದರೆ ಉಬ್ಬರ ಏರಿ ನಾನು ಬಂದ ದಾರಿಯೇ ಇರಲಿಲ್ಲ. ನನಗೆ ಈಜು ಬರುತ್ತದೆ, ಆದರೆ ನಮ್ಮ ಬಾವಿಯ ಈಜು. ಕೂಗಿಕೊಂಡೆ. ಬಿದಿರಿನ ಗಳ ಹಾಕುತ್ತ ಒಬ್ಬ ಹೆಂಗಸು ಚಿಕ್ಕ ದೋಣಿಯಲ್ಲಿ ಬಂದಳು. ದೋಣಿಯ ತುಂಬ ಬಳಚು, ನಾವು ಕಪ್ಪೆಚಿಪ್ಪು ಅನ್ನುತ್ತೇವಲ್ಲ, ಅದು.

"ಯಾವ ಊರಿನವ್ರು ನೀವು? ನೀರಿನ ಹೊತ್ತು ಕೇಳದೇ ಇಳಿದ್ರಲ್ಲ!" ಎಂದು ಬೈದು ಹತ್ತಿಸಿಕೊಂಡಳು.

ಅವಳೇ ಮಾದೇವಿ. ನಲವತ್ತೈದರ ಆಸುಪಾಸು. ಗಂಡ ಗೋವಾದಲ್ಲಿ ದೊಡ್ಡ ಬೋಟಿನ ಕೆಲಸಕ್ಕೆ ಹೋದರೆ ಮಳೆಗಾಲಕ್ಕೇ ಮನೆಗೆ. ಇವಳು ಹತ್ತು ವರ್ಷದವಳಿದ್ದಾಗಿನಿಂದ ಆ ನೀರಿನಲ್ಲಿ ಬಳಚು ಆರಿಸುತ್ತ ಬಂದವಳು. ಎಲ್ಲಿ ದಿಬ್ಬ, ಎಲ್ಲಿ ಹೊಂಡ, ಯಾವ ಮೂಲೆಯಲ್ಲಿ ಯಾವ ಹೊತ್ತಿಗೆ ಮೀನು ಬರುತ್ತದೆ, ಎಲ್ಲವೂ ಅವಳ ಕಾಲಿಗೆ ಗೊತ್ತು. ನೀರು ಚಹದ ಬಣ್ಣ ಇದ್ದರೆ ತೆಳು, ಕಪ್ಪು ಹಸಿರು ಇದ್ದರೆ ಆಳ ಎಂದು ಹೇಳಿಕೊಟ್ಟಳು. ನಡೆಯುವಾಗ ಹೆಜ್ಜೆ ಎತ್ತಬಾರದು, ಮರಳಿನಲ್ಲಿ ಕಾಲು ಎಳೆಯುತ್ತ ನಡೆಯಬೇಕು, ಮರಳಡಿಯಲ್ಲಿ ಮಲಗಿದ ತೊರಕೆ ಮೀನು ಬಾಲದ ಮುಳ್ಳು ಹೊಡೆಯದೆ ಸರಿದು ಹೋಗುತ್ತದೆ ಎಂದಳು. ಅಂದು ಅವಳು ತೋರಿಸಿದ ಜಾಗದಲ್ಲಿ ನನಗೆ ನಾಲ್ಕು ಮೀನು ಸಿಕ್ಕವು. ನನ್ನ ಗಾಳಕ್ಕೆ ಕಟ್ಟಿದ್ದ ಬಣ್ಣದ ರಬ್ಬರ್ ಮೀನನ್ನು ಕೈಯಲ್ಲಿ ಹಿಡಿದು ನೋಡಿ, "ಅಯ್ಯೋ, ಮೀನಿಗೂ ಮೋಸ ಮಾಡ್ತ್ರಲ್ಲಾ!" ಎಂದು ನಕ್ಕಳು.

ಊರಿಗೆ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಯೋಜನೆ ತಯಾರಾಗಿತ್ತು. ನಮ್ಮ ಕಡೆಯ ಜನಕ್ಕೆ ಸಮುದ್ರದ ಆಸೆ ಇದೆ, ಗಾಳದ ಹುಚ್ಚು ಹೊಸದಾಗಿ ಹತ್ತಿದೆ. ಅವರನ್ನು ನಾನು ಕರೆದುಕೊಂಡು ಹೋಗುವುದು, ಮಾದೇವಿ ನೀರಿನಲ್ಲಿ ಸುತ್ತಿಸುವುದು. ದೋಣಿ ಅವಳದು, ದಾರಿ ಅವಳದು, ಹೆಸರು ಮಾತ್ರ ನನ್ನದು. ಆಗ ಅದು ನನಗೆ ಹಾಗೆ ಕಾಣಲಿಲ್ಲ.

ಅಕ್ಟೋಬರಿನಿಂದ ಶುರುವಾಯಿತು. ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿಕೊಂಡು ಬಾಡಿಗೆ ಕ್ರೂಸರ್ ಜೀಪು ಹೊರಡಿಸಿದರೆ ಸೋಮವಾರ ಮತ್ತೆ ಅಂಗಡಿ. ತಿಕೋಟಾದ ದ್ರಾಕ್ಷಿ ತೋಟದವರು ಬಂದರು, ವಿಜಯಪುರದ ಬಟ್ಟೆ ಅಂಗಡಿಯವರು ಬಂದರು, ಇಟ್ಟಂಗಿಹಾಳದ ಅಣ್ಣತಮ್ಮಂದಿರು ಎರಡೆರಡು ಸಲ ಬಂದರು. ಉಪ್ಪುನೀರಿನಲ್ಲಿ ಮೊದಲ ಸಲ ಕಾಲಿಟ್ಟ ದೊಡ್ಡ ಮೀಸೆಯ ಗಂಡಸರು ಸಾಲಿಯ ಹುಡುಗರ ಹಾಗೆ ಕೇಕೆ ಹಾಕುತ್ತಿದ್ದರು. ಅವರ ಭಾಷೆ ಮಾದೇವಿಗೆ ಅರ್ಧ ತಿಳಿಯುತ್ತಿತ್ತು, ಅವಳದು ಅವರಿಗೆ ಅರ್ಧ. "ಹಂಗಲ್ಲ ಬೇ", "ಎಂತಾ ಮಾಡೂದು ಹೇಳಿ", ಹೀಗೇ ನಡೆಯುತ್ತಿತ್ತು. ನಾನು ಮೊಬೈಲಿನಲ್ಲಿ ವಿಡಿಯೋ ಮಾಡಿ ವಾಟ್ಸಾಪಿಗೆ ಬಿಡುತ್ತಿದ್ದೆ. ತಿಕೋಟಾದಲ್ಲಿ ಒಣದ್ರಾಕ್ಷಿ ಆರಿಸುವ ಶೆಡ್ಡುಗಳಲ್ಲಿ ಕೂಡ ಜನ ಅದನ್ನು ನೋಡಿ, "ದಸ್ತಗೀರ ಸಮುದ್ರದ ಮಾಲಕ ಆಗ್ಯಾನಲೇ" ಅನ್ನುತ್ತಿದ್ದರಂತೆ. ಆ ಮಾತು ಕೇಳಿ ನನ್ನ ಕಾಲು ನೆಲ ಬಿಟ್ಟಿತ್ತು.

ಎಲ್ಲ ಸವಾರಿಗೂ ತಪ್ಪದೆ ಬರುತ್ತಿದ್ದವರು ಮಲ್ಲಪ್ಪ ಮಾಸ್ತರು. ಮೊದಲ ದಿನ ಅಳಿವೆಯ ಬಾಯಿಯಲ್ಲಿ ನಿಂತು ಸಮುದ್ರ ನೋಡಿದರು, ಬಗ್ಗಿ ಒಂದು ಬೊಗಸೆ ನೀರು ಎತ್ತಿ ನೋಡಿದರು. ಕೊನೆಗೆ ಹೇಳಿದ್ದು ಒಂದೇ ಮಾತು: "ಮಕ್ಕಳಿಗೆ ತಪ್ಪ ಬಣ್ಣ ಹಚ್ಚಿಸೇನಲೇ. ಇದು ನೀಲಿ ಅಲ್ಲ."

ಮಾದೇವಿಗೆ ಅವರೆಂದರೆ ಬಹಳ ಗೌರವ. ಬೇರೆಯವರು ಹಿಡಿದ ಮೀನು ಚೀಲಕ್ಕೆ ತುಂಬುವಾಗ ಇವರೊಬ್ಬರು ಬಿಡುತ್ತಿದ್ದರು. ಅವರಿಗೆಂದು ಬೇರೆ ಪಾತ್ರೆಯಲ್ಲಿ ಅನ್ನ, ಹುರುಳಿ ಸಾರು ಮಾಡಿ ತರುತ್ತಿದ್ದಳು. ಅವರು ಅವಳಿಗೆ ಸಹಿ ಮಾಡುವುದನ್ನು ಕಲಿಸಿದರು. ದೋಣಿಯ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ 'ಮಾ', 'ದೇ', 'ವಿ' ಎಂದು ಬರೆಸುತ್ತಿದ್ದರು.

ಒಂದೇ ಕೊರತೆ. ಆ ಅಳಿವೆಯ ದೊಡ್ಡ ಮೀನೆಂದರೆ ಚೊಣಕ. ಬೆಳ್ಳಿ ಮೈ, ದೊಡ್ಡ ಬಾಯಿ, ಗಾಳ ನುಂಗಿದರೆ ನೀರಿನಿಂದ ಮೇಲಕ್ಕೆ ಹಾರಿ ತಲೆ ಕೊಡವುತ್ತದೆ. ಬಂದವರಿಗೆಲ್ಲ ಒಂದಲ್ಲ ಒಂದು ಸಲ ಅದು ಸಿಕ್ಕಿತ್ತು. ಮಾಸ್ತರಿಗೆ ನಾಲ್ಕು ತಿಂಗಳಾದರೂ ಸಿಕ್ಕಿರಲಿಲ್ಲ. "ಒಮ್ಮೆ ಕೈಯಾಗ ಹಿಡದು ಬಿಟ್ಟರ ಸಾಕು" ಅನ್ನುತ್ತಿದ್ದರು. ನನಗೂ ಆಸೆ ಹುಟ್ಟಿತು, ಅವರಿಗಾಗಿ ಅಲ್ಲ. ಬಿಳಿ ಟೋಪಿ ಮಾಸ್ತರು ಚೊಣಕ ಹಿಡಿದು ಮುತ್ತು ಕೊಟ್ಟು ನೀರಿಗೆ ಬಿಡುವ ವಿಡಿಯೋ ಒಂದು ಇದ್ದರೆ ಬೆಳಗಾವಿ, ಬಾಗಲಕೋಟೆಯಿಂದಲೂ ಜನ ಬರುತ್ತಾರೆ ಎಂಬ ಆಸೆ.

ಫೆಬ್ರುವರಿಯ ಒಂದು ರವಿವಾರ. ಉಳಿದವರು ಬೆಳಗಿನ ಸವಾರಿ ಮುಗಿಸಿ ದಂಡೆಯಲ್ಲಿ ತಿಂಡಿಗೆ ಕುಳಿತಿದ್ದರು. ನಾನು ಮಾಸ್ತರನ್ನು ಮತ್ತೆ ದೋಣಿ ಹತ್ತಿಸಿದೆ. ನೀರು ಇಳಿಯಲು ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಮಾದೇವಿ ಗಳ ಊರಿ ನಿಂತು, "ಇವತ್ತು ಸಾಕಲ್ವಾ ದಸ್ತಗೀರಣ್ಣ? ಹುಣ್ಣಿಮೆ ನೀರು, ಜೋರು ಇಳೀತದೆ" ಎಂದಳು. ಹತ್ತು ನಿಮಿಷ ಎಂದೆ.

ಹತ್ತು ನಿಮಿಷ ಆಯಿತು. "ಈಗ ತಿರುಗ್ಸೂದೇ ಒಳ್ಳೇದು" ಎಂದಳು. ಇನ್ನೂ ಹತ್ತು ಎಂದೆ. ಮೂರನೆಯ ಸಲ ಅವಳ ಧ್ವನಿ ಗಟ್ಟಿಯಾಯಿತು. "ಅಣ್ಣಾ, ದೋಣಿ ಮರಳಿಗೆ ಕೂತ್ಕೊಳ್ತದೆ. ಕೇಳೂಕೆ ಆಗ್ತದಾ ಇಲ್ವಾ?"

"ಸವಾರಿ ನಂದು ಬೇ. ನಾ ಹೇಳಿದಾಗ ತಿರಗಸು" ಎಂದೆ ನಾನು.

ಮಾಸ್ತರು ನನ್ನ ಮುಖ ನೋಡಿದರು. "ಆಕಿ ಹೇಳೂದು ಖರೇ ಇರತೈತಿ ದಸ್ತಗೀರ" ಎಂದರು. ಆದರೆ ಅಷ್ಟರಲ್ಲಿ ಕಾಂಡ್ಲಾ ಗಿಡದ ಬುಡದಲ್ಲಿ ದೊಡ್ಡ ಮೀನೊಂದು ಹೊರಳಿ ನೀರು ಒಡೆಯಿತು. ಮೂವರೂ ಆ ಕಡೆ ತಿರುಗಿದೆವು. ಮೊಬೈಲ್ ತೆಗೆದೆ. ಮಾಸ್ತರ ಎದೆಯ ಮೇಲೆ ಕಿತ್ತಳೆ ಬಣ್ಣದ ತೇಲು ಜಾಕೀಟು ಉಬ್ಬಿಕೊಂಡಿತ್ತು, ಬಿಳಿ ಅಂಗಿಯೂ ಕಾಣದು, ಮುಖವೂ ಅರ್ಧ. ಹತ್ತುವಾಗ ಮಾದೇವಿಯೇ ಅದರ ಪಟ್ಟಿಗಳನ್ನು ಬಿಗಿದು ಕಟ್ಟಿದ್ದಳು.

"ಮಾಸ್ತರ, ಅದನ್ನ ತಗೀರಿ. ವಿಡಿಯೋದಾಗ ಚೊಲೊ ಕಾಣಂಗಿಲ್ಲ."

ತೆಗೆದರು. ನನ್ನ ಮಾತಿಗೆ ತೆಗೆದರು.

ಎರಡನೆಯ ಎಸೆತಕ್ಕೆ ಚೊಣಕ ಹಿಡಿಯಿತು. ಒಮ್ಮೆ ಪೂರಾ ನೀರಿನಿಂದ ಹೊರಗೆ ಹಾರಿತು. ಮಾಸ್ತರ ಬಾಯಿಂದ ಬಂದ ಕೂಗು ನನಗೆ ಇವತ್ತಿಗೂ ಕೇಳುತ್ತದೆ, ಅದು ಅರವತ್ತು ವರ್ಷದವರ ಕೂಗಲ್ಲ. ಮೀನು ಹೊಳೆಯ ನಡುವಿನ ಕಡೆಗೆ ಎಳೆಯತೊಡಗಿತು. ದೋಣಿ ಆಗಲೇ ಮರಳಿಗೆ ಕೂತಿತ್ತು, ಗಳ ಎಷ್ಟು ಒತ್ತಿದರೂ ಕದಲಲಿಲ್ಲ. ದಾರ ಮುಗಿಯುತ್ತ ಬಂತು.

"ಇಳೀರಿ ಮಾಸ್ತರ! ನೀರ ಮೊಣಕಾಲುದ್ದ ಅದ, ಬೆನ್ನ ಹತ್ರಿ!" ಎಂದೆ. ಮೊಬೈಲ್ ನನ್ನ ಕೈಯಲ್ಲೇ ಇತ್ತು.

"ಇಳೀಬೇಡಿ! ಆಚೆ ಹೊಯ್ಗೆ ತೆಗ್ದಿದ್ದಾರೆ, ಹೊಂಡ ಇದೆ!" ಎಂದು ಮಾದೇವಿ ಚೀರಿದಳು. ಮರಳು ತೆಗೆಯುವ ದೋಣಿಗಳು ಹಿಂದಿನ ವಾರ ಆ ದಿಬ್ಬದ ಅಂಚನ್ನು ಕಡಿದು ಹಾಕಿದ್ದವು. ಮಾಸ್ತರು ಇಳಿದಾಗಿತ್ತು. ಅವಳೇ ಹೇಳಿಕೊಟ್ಟಂತೆ ಕಾಲು ಎಳೆಯುತ್ತ, ರಾಡು ಮೇಲೆ ಎತ್ತಿ ಹಿಡಿದು, ಏಳೆಂಟು ಹೆಜ್ಜೆ ನಡೆದರು. ಒಂಬತ್ತನೆಯದಕ್ಕೆ ನೆಲ ಇರಲಿಲ್ಲ. ಟೋಪಿ ಮಾತ್ರ ಇಳಿವ ನೀರಿನ ಮೇಲೆ ತೇಲಿ ಸಮುದ್ರದ ಕಡೆಗೆ ಹೊರಟಿತು.

ಮಾದೇವಿ ಗಳ ಬಿಸಾಕಿ ಹಾರಿದಳು. ನಾನು ನಿಂತೇ ಇದ್ದೆ. ಎಷ್ಟು ಹೊತ್ತು ಎಂದು ನನಗೆ ಈಗಲೂ ಗೊತ್ತಿಲ್ಲ. ಈಜು ಬರುವ ಗಂಡಸು, ಮೂವತ್ತೆಂಟು ವರ್ಷದವನು, ಮರಳಿಗೆ ಕೂತ ದೋಣಿಯಲ್ಲಿ ನಿಂತು ನೋಡುತ್ತಿದ್ದೆ. ಆ ನೀರಿನ ಸೆಳೆತ ಕಂಡು ನನ್ನ ಕಾಲು ಏಳಲಿಲ್ಲ. ಅವಳು ಎರಡು ಸಲ ಮುಳುಗಿ ಎದ್ದು, ಮೂರನೆಯ ಸಲ ಅವರ ಅಂಗಿ ಹಿಡಿದು, ಕೆಳಗಿನ ಬಂಡೆಗಳ ಹತ್ತಿರ ಎಳೆದು ತಂದಳು. ಬಂಡೆಯ ಚಿಪ್ಪುಗಳಿಗೆ ಅವಳ ಕಾಲು, ಮುಂಗೈ ಸೀಳಿ ರಕ್ತ ಸುರಿಯುತ್ತಿತ್ತು. ಎದೆ ಒತ್ತಿದಳು, ಬಾಯಿಗೆ ಬಾಯಿ ಇಟ್ಟು ಊದಿದಳು. "ಮಾಸ್ತ್ರೇ, ಮಾಸ್ತ್ರೇ" ಎಂದು ಕೆನ್ನೆ ತಟ್ಟಿದಳು. ಮಾಸ್ತರು ಹೋಗಿಬಿಟ್ಟಿದ್ದರು.

ಇಲ್ಲಿಯವರೆಗೆ ಆದದ್ದನ್ನು ತಪ್ಪು ಎನ್ನಬಹುದು. ಮುಂದಿನದು ತಪ್ಪಲ್ಲ, ಅದಕ್ಕೆ ಬೇರೆ ಹೆಸರು.

ಆಸ್ಪತ್ರೆಯ ಹಿಂದಿನ ಕಟ್ಟೆಯ ಮೇಲೆ ಒಬ್ಬನೇ ಕುಳಿತು ವಿಡಿಯೋವನ್ನು ಕಿವಿಗೆ ಹಿಡಿದು ಒಮ್ಮೆ ಕೇಳಿದೆ. ಮಾದೇವಿಯ ಧ್ವನಿ, ನನ್ನ ಧ್ವನಿ, ಎರಡೂ ಸ್ಪಷ್ಟವಾಗಿದ್ದವು. 'ತಗೀರಿ', 'ಇಳೀರಿ', ಎರಡೂ ನನ್ನವು. ಅಳಿಸಿದೆ. ಅಳಿಸಿದ್ದು ಹೋಗಿ ಸೇರುವ ಜಾಗವೊಂದು ಮೊಬೈಲಿನಲ್ಲಿರುತ್ತದೆ, ಅಲ್ಲಿಂದಲೂ ಅಳಿಸಿದೆ.

ಠಾಣೆಯಲ್ಲಿ ಬರೆದುಕೊಳ್ಳಲು ಕುಳಿತವನು ಹುಬ್ಬಳ್ಳಿ ಕಡೆಯವನು. ನನ್ನ ಮಾತು ಕೇಳಿದವನೇ, "ಬಿಜಾಪುರದವರೇನ್ರಿ? ಕೂಡ್ರಿ" ಎಂದು ಕುರ್ಚಿ ಕೊಟ್ಟ, ಚಹ ತರಿಸಿದ. ಮಾದೇವಿ ಬಾಗಿಲ ಹೊರಗೆ ಪಡಸಾಲೆಯಲ್ಲಿ, ಕಾಲಿಗೆ ಬ್ಯಾಂಡೇಜು ಸುತ್ತಿಸಿಕೊಂಡು ನೆಲದ ಮೇಲೆ ಕುಳಿತಿದ್ದಳು.

"ಜಾಕೀಟ ಹಾಕಿದ್ದಿಲ್ಲೇನ್ರಿ?"

"ಆಕಿ ಕೊಡಲಿಲ್ರಿ."

"ನೀರ ಇಳಿಯೂ ಮುಂದ ಅಲ್ಲಿಗೆ ಒಯ್ದವರ‍್ಯಾರು?"

"ಆಕಿನರಿ. ನಮಗ ಈ ನೀರಿಂದು ಏನ ಗೊತ್ತಾಗತೈತ್ರಿ?"

ಹೊರಗಿನಿಂದ ಮಾದೇವಿ ಎದ್ದು ಬಂದು ಬಾಗಿಲು ಹಿಡಿದು ನಿಂತಳು. "ದಸ್ತಗೀರಣ್ಣ, ನಾ ಮೂರು ಸಲ ಹೇಳ್ಲಿಲ್ವಾ? ಜಾಕೀಟು ನಾನೇ ಕಟ್ಟಿರಲಿಲ್ವಾ?"

"ನನಗೇನೂ ಕೇಳಿಸಲಿಲ್ಲ" ಎಂದೆ. ಅವಳ ಕಡೆ ನೋಡದೆ ಎಂದೆ.

ನಾನು ಸಹಿ ಹಾಕಿದೆ. ಆಮೇಲೆ ಅವಳ ಹೇಳಿಕೆಯ ಕಾಗದವನ್ನು ಮುಂದಿಟ್ಟು ಅವಳಿಂದ ಹಾಕಿಸಿಕೊಂಡರು. ಹೆಬ್ಬೆಟ್ಟಿನ ಡಬ್ಬಿ ಮುಂದೆ ಚಾಚಿದಾಗ ಅವಳು ಬೇಡವೆಂದು ಕೈ ಸರಿಸಿ, ಪೆನ್ನು ಕೇಳಿ, ಮೂರು ಅಕ್ಷರ ಬರೆದಳು. ಬಹಳ ಹೊತ್ತು ಹಿಡಿಯಿತು.

ಬಬಲೇಶ್ವರದಲ್ಲಿ ಮಾಸ್ತರನ್ನು ಅವರ ಹೊಲದಲ್ಲಿ ಮಣ್ಣು ಮಾಡಿದೆವು. ತಿಕೋಟಾ, ಬಿಜ್ಜರಗಿಯಿಂದಲೂ ಅವರ ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ಸಾವಿತ್ರಕ್ಕ ನನ್ನ ಎರಡೂ ಕೈ ಹಿಡಿದು ಅತ್ತರು. ಆಗ ಯಾರೂ ಕೇಳದೆಯೇ ನನ್ನ ಬಾಯಿಂದ ಇನ್ನೊಂದು ಮಾತು ಬಂತು.

"ನಾನೂ ಜಿಗದೆನ್ರಿ ಅಕ್ಕಾರ. ಕೈಗೆ ಸಿಗಲಿಲ್ಲ."

ಆ ಒಂದು ಮಾತಿನಿಂದ ನಾನು ಆ ಮನೆಯ ತಮ್ಮನಾದೆ. ವರ್ಷವರ್ಷದ ಪುಣ್ಯತಿಥಿಗೆ ಜಂಗಮ ಅಯ್ಯನವರ ಪಂಕ್ತಿ ಎದ್ದ ಕೂಡಲೇ ಮೊದಲ ತಾಟು ನನಗೆ. ಸಾವಿತ್ರಕ್ಕ ಹೋಳಿಗೆ ಬಡಿಸುತ್ತ, ಬಂದವರಿಗೆ ನನ್ನನ್ನು ತೋರಿಸಿ, "ಇವ ಜೀವದ ಹಂಗ ಬಿಟ್ಟು ನೀರಿಗೆ ಹಾರಿದವ" ಎನ್ನುತ್ತಿದ್ದರು. ಆಮೇಲೆ ಮಾತು ಮಾದೇವಿಯ ಕಡೆ ತಿರುಗುತ್ತಿತ್ತು. "ಆ ಹೆಂಗಸಿನ ಕೈ ಸೇದಿ ಹೋಗ್ಲಿ. ಒಂದ ಜಾಕೀಟ ಕೊಡಾಕ ಏನಾಗಿತ್ತು ಆಕಿಗೆ?" ನಾನು ತಾಟಿನ ಕಡೆ ನೋಡುತ್ತ ಉಣ್ಣುತ್ತಿದ್ದೆ. ಉಂಡೆ, ನಾಲ್ಕು ವರ್ಷವೂ.

ಮಾಸ್ತರ ಸಾವಿಗೆ ಮಾದೇವಿಯ ನಿರ್ಲಕ್ಷ್ಯವೇ ಕಾರಣವೆಂದು ಪೊಲೀಸರು ಹಾಕಿದ್ದ ಕೇಸಿಗೆ ಸಾಕ್ಷಿ ಹೇಳಲು ನನಗೆ ಒಮ್ಮೆ ಸಮನ್ಸ್ ಬಂತು. ಹೋದೆ. ಹೋಗುವಾಗ ದಾರಿಯುದ್ದಕ್ಕೂ ಖರೆ ಹೇಳಿಬಿಡಬೇಕು ಎಂದುಕೊಂಡಿದ್ದೆ. ಕೋರ್ಟಿನ ಪಡಸಾಲೆಯಲ್ಲಿ ಮಾದೇವಿ ಗಂಡನ ಜೊತೆ ನಿಂತಿದ್ದಳು, ಬಹಳ ಇಳಿದಿದ್ದಳು. ನನ್ನ ಸರದಿ ಬರಲೇ ಇಲ್ಲ. ಅಲೆದು ಅಲೆದು ಸಾಕಾಗಿ, ವಕೀಲರ ಮಾತಿನಂತೆ ಅವಳು ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಮುಗಿಸಿಕೊಂಡಳಂತೆ. ಬೆಂಚಿನ ಮೇಲೆ ಕುಳಿತಿದ್ದ ನನ್ನ ಮೈಯೆಲ್ಲ ಹಗುರಾಯಿತು. ಬಸ್‌ಸ್ಟ್ಯಾಂಡಿಗೆ ಬಂದು ಎರಡು ಪ್ಲೇಟು ಬಜಿ ತಿಂದೆ. ಅಷ್ಟು ಹಸಿವೆಯಿಂದ ನಾನು ಬಹಳ ದಿನ ತಿಂದಿರಲಿಲ್ಲ. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೆ ತಿಂದದ್ದು ನಿಜ.

ಅದಾದ ಮೇಲೆ ಅವಳು ಗಂಡನ ಜೊತೆ ಗೋವಾಕ್ಕೆ ಹೋದಳೆಂದು ಯಾರೋ ಹೇಳಿದ್ದರು. ಅದನ್ನೇ ನಂಬಿಕೊಂಡು ಈ ಜನವರಿಯಲ್ಲಿ ನಾನು ಸಾವಿತ್ರಕ್ಕನನ್ನು ಕರೆದುಕೊಂಡು ಹೊರಟೆ. ಅವರು ಚೀಲದಲ್ಲಿ ಬಿಲ್ವಪತ್ರಿ, ವಿಭೂತಿ, ಮಾಸ್ತರಿಗೆ ಇಷ್ಟವಾದ ಶೇಂಗಾ ಹೋಳಿಗೆ ಕಟ್ಟಿಕೊಂಡಿದ್ದರು. ಕುಮಟಾದಲ್ಲಿ ಪರಿಚಯದವರ ಮನೆಯಲ್ಲಿ ಉಳಿದು ಬೆಳಿಗ್ಗೆ ಏಳರ ಹೊತ್ತಿಗೆ ಅಳಿವೆಗೆ ಹೋದೆವು. ಏನೂ ಬದಲಾಗಿರಲಿಲ್ಲ. ಅದೇ ಕಾಂಡ್ಲಾ, ಅದೇ ಕೆಸರಿನ ವಾಸನೆ, ದಂಡೆಯಲ್ಲಿ ಬಳಚು ಗುಡ್ಡೆ ಹಾಕಿಕೊಂಡು ಆರಿಸುತ್ತ ಕುಳಿತ ಹೆಂಗಸರು.

ನಾನು ಬೇರೆ ಕಡೆ ತಿರುಗಿಸುವಷ್ಟರಲ್ಲಿ ಸಾವಿತ್ರಕ್ಕ ಮೊದಲು ಕಂಡ ಹೆಂಗಸಿನ ಹತ್ತಿರ ಹೋಗಿ ನಿಂತಿದ್ದರು.

"ಯವ್ವಾ, ಇಲ್ಲಿ ಒಬ್ಬ ಮಾಸ್ತರು ನೀರಾಗ ಹ್ವಾದ್ರು, ಐದ ವರ್ಷ ಆತು. ಆ ಜಾಗಾ ಯಾವದು ಗೊತ್ತೈತೇನು?"

ಆ ಹೆಂಗಸು ತಲೆ ಎತ್ತಿದಳು. ಮಾದೇವಿ. ಕೂದಲು ಪೂರಾ ಬೆಳ್ಳಗಾಗಿತ್ತು. ಸಾವಿತ್ರಕ್ಕನನ್ನು ನೋಡಿದಳು, ಆಮೇಲೆ ಅವರ ಹಿಂದೆ ನಿಂತ ನನ್ನನ್ನು.

"ಗೊತ್ತದೆ ಅಮ್ಮಾ. ನಾನೇ ದೋಣಿ ಹಾಕಿದವಳು."

ಸಾವಿತ್ರಕ್ಕನ ಕೈಯ ಚೀಲ ನೆಲಕ್ಕೆ ಬಿತ್ತು. ಐದು ವರ್ಷ ಬಚ್ಚಿಟ್ಟುಕೊಂಡಿದ್ದ ಬೈಗುಳ ಎಲ್ಲಾ ಈಗ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಇನ್ನೊಂದು ಹೆಜ್ಜೆ ಹತ್ತಿರ ಹೋಗಿ ಕೇಳಿದರು.

"ಜಾಕೀಟ ಯಾಕ ಕೊಡಲಿಲ್ಲ ನೀ? ಅವರು ನಿನಗೇನ ಮಾಡಿದ್ರು?"

ಮಾದೇವಿ ಕೈಯಲ್ಲಿದ್ದ ಚಿಪ್ಪನ್ನು ಕೆಳಗಿಟ್ಟಳು. "ನಾ ಎಂತಾ ಹೇಳಿದ್ರೂ ನೀವು ನಂಬೂದಿಲ್ಲ ಅಮ್ಮಾ. ಅವತ್ತು ಯಾರೂ ನಂಬ್ಲಿಲ್ಲ. ಇವ್ರ ಹತ್ರ ಕೇಳಿ. ಇವ್ರು ಹೇಳಿದ್ದೇ ಬರ್ಕೊಂಡಿದ್ರು."

"ಬಿಡ್ರಿ ಅಕ್ಕಾರ" ಎಂದೆ ನಾನು. "ಆಗಿದ್ದು ಆಗಿಹೋತು. ಹೊತ್ತ ಏರಾಕತ್ತೈತಿ, ಪತ್ರಿ ಬಿಟ್ಟು ಹೋಗೂಣು."

"ತಮ್ಮಾ, ಆಕಿ ನಿನ್ನ ಕೇಳಂತಾಳ."

ಸಾವಿತ್ರಕ್ಕ ನನ್ನ ಕಡೆ ತಿರುಗಿ ನಿಂತಿದ್ದರು. ಸಿಟ್ಟಿಲ್ಲ, ಸಂಶಯವೂ ಇಲ್ಲ. ನಾನು ಇವಳ ಬಾಯಿ ಮುಚ್ಚಿಸುತ್ತೇನೆ ಎಂಬ ನಂಬಿಕೆ ಇತ್ತು ಆ ಮುಖದಲ್ಲಿ. ಆ ನಂಬಿಕೆಯನ್ನು ತಡೆದುಕೊಳ್ಳಲು ನನಗೆ ಆಗಲಿಲ್ಲ. ಧೈರ್ಯದಿಂದ ಹೇಳಿದೆ ಎಂದರೆ ಸುಳ್ಳು. ದಣಿವಿನಿಂದ ಹೇಳಿದೆ. ಜಾಕೀಟು ಕಟ್ಟಿದವಳು ಇವಳು, ತೆಗೆಸಿದವನು ನಾನು. ತಿರುಗೋಣ ಎಂದವಳು ಇವಳು, ಬೇಡ ಎಂದವನು ನಾನು. ಇಳಿಯಬೇಡಿ ಎಂದವಳು ಇವಳು, ಇಳಿಯಿರಿ ಎಂದವನು ನಾನು. ವಿಡಿಯೋದ ಮಾತನ್ನೂ ಹೇಳಿದೆ. ನೆಲ ನೋಡುತ್ತ ಹೇಳಿ ಮುಗಿಸಿದೆ.

ಸಾವಿತ್ರಕ್ಕ ಮೊದಲು ಕೇಳಿದ್ದು ಇದನ್ನು.

"ನೀ ಜಿಗದಿದ್ದಿಲ್ಲೇನು?"

"ಇಲ್ರಿ."

"ಮತ್ತ ಯಾರು ತಗದ್ರು ಅವರನ್ನ?"

ಅವರ ಕಣ್ಣು ಮಾದೇವಿಯ ಮುಂಗೈ ಮೇಲಿದ್ದ ಉದ್ದನೆಯ ಬಿಳಿ ಗಾಯದ ಗುರುತಿನ ಮೇಲೆ ನಿಂತಿತ್ತು.

"ಈಗಲೇ ಠಾಣೆಗೆ ಹೋಗಿ ಖರೆ ಬರದು ಕೊಡ್ತೇನಿ" ಎಂದೆ ಮಾದೇವಿಗೆ.

"ಈಗ ಕೊಟ್ಟು ಎಂತಾ ಮಾಡೂದು?" ಎಂದಳು, ಸಿಟ್ಟಿಲ್ಲದೆ. "ಕೇಸಿಗೆ ಅಂತ ಒಯ್ದ ಆ ದೋಣಿ ಠಾಣೆ ಹಿಂದೆ ಮಳೆಗೆ ನೆಂದು ಕೊಳ್ತೇ ಹೋಯ್ತು. ಮಾಸ್ತರನ್ನ ಕೊಂದವಳು ಅಂತ ಊರವ್ರು ನನ್ನ ಹೆಸರು ತೆಗೀತಿದ್ರು. ಈಗ ಅವ್ರಿಗೂ ಮರ್ತು ಹೋಯ್ತು. ಮತ್ತೆ ನೆನಪು ಮಾಡೂಕೆ ಬರಬೇಡಿ ನೀವು."

ಅಕ್ಕಪಕ್ಕದವರ ದೋಣಿಯೊಂದನ್ನು ಕೇಳಿ ಇಸಿದುಕೊಂಡು, ಸಾವಿತ್ರಕ್ಕನ ತೋಳು ಹಿಡಿದು ಹತ್ತಿಸಿದಳು. ನಾನು ಚೀಲ ಎತ್ತಿ ಕೊಡಲು ಹೋದೆ. ಸಾವಿತ್ರಕ್ಕ ಬಗ್ಗಿ ಅದನ್ನು ತಾವೇ ತೆಗೆದುಕೊಂಡರು. ದೋಣಿ ಹೊರಟಿತು. ದೂರದಲ್ಲಿ, ಆ ದಿಬ್ಬದ ಹತ್ತಿರ ನಿಂತಿತು. ಇಬ್ಬರು ಹೆಂಗಸರು ಎದುರುಬದುರು ಕುಳಿತು ಮಾತಾಡುತ್ತಿದ್ದುದು ಕಾಣುತ್ತಿತ್ತು. ಒಬ್ಬರು ಹೇಳುತ್ತಿದ್ದರು, ಇನ್ನೊಬ್ಬರು ಕೇಳುತ್ತಿದ್ದರು. ಮಾಸ್ತರ ಕೊನೆಯ ಹೊತ್ತಿನ ಸಂಗತಿ ಇರಬೇಕು. ಅದನ್ನು ಐದು ವರ್ಷದ ಹಿಂದೆ ಹೇಳಬೇಕಾಗಿದ್ದವನು ನಾನು. ತಿರುಗಿ ಬಂದಾಗ ಇಬ್ಬರ ಕಣ್ಣೂ ಕೆಂಪಾಗಿದ್ದವು. ಇಳಿಯುವಾಗ ಸಾವಿತ್ರಕ್ಕ ಹೋಳಿಗೆಯ ಗಂಟನ್ನು ಮಾದೇವಿಯ ಮಡಿಲಿಗೆ ಹಾಕಿದರು.

ಬಸ್ಸಿನಲ್ಲಿ ಅವರು ಮುಂದಿನ ಹೆಂಗಸರ ಸೀಟಿನಲ್ಲಿ ಕುಳಿತರು, ನಾನು ಹಿಂದೆ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದಾಗ ಚಹ ತಂದು ಕೊಟ್ಟೆ. ಕಿಟಕಿಯ ಆಚೆಗೆ ನೋಡುತ್ತಲೇ ಇದ್ದರು. ಚಹ ನನ್ನ ಕೈಯಲ್ಲೇ ಆರಿತು. ಕೊಲ್ಹಾರದ ಸೇತುವೆ ದಾಟುವಾಗ ಒಮ್ಮೆ ಕಣ್ಣು ಒರೆಸಿಕೊಂಡರು. ಅಷ್ಟು ಬಿಟ್ಟರೆ ದಾರಿಯುದ್ದಕ್ಕೂ ತಿರುಗಿ ನೋಡಲಿಲ್ಲ.

ವಿಜಯಪುರ ಸ್ಟ್ಯಾಂಡಿನಲ್ಲಿ ಇಳಿಯುವಾಗ ಕತ್ತಲಾಗಿತ್ತು, ಸ್ಟ್ಯಾಂಡಿನ ತುಂಬ ದೀಪ ಹತ್ತಿದ್ದವು. ಅವರ ಮೊಣಕಾಲು ಮೆಟ್ಟಿಲ ಮೇಲೆ ತಡವರಿಸಿತು, ನಾನು ಕೈ ಕೊಟ್ಟೆ. ಕಂಬಿ ಹಿಡಿದು ಇಳಿದರು. ನಲವತ್ತು ವರ್ಷ ಆ ಸ್ಟ್ಯಾಂಡಿನಿಂದ ಬಬಲೇಶ್ವರದ ಬಸ್ಸು ಹತ್ತಿದವರು ಅವರು. ಯಾವ ಕಟ್ಟೆಯ ಮುಂದೆ ಅದು ನಿಲ್ಲುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲರು. ನಾನು ಪಕ್ಕದಲ್ಲೇ ನಿಂತಿದ್ದೆ, "ಬರ್ರಿ ಅಕ್ಕಾರ" ಎಂದೆ.

ಅವರು ನನ್ನನ್ನು ದಾಟಿ ಎರಡು ಹೆಜ್ಜೆ ಮುಂದೆ ಹೋಗಿ, ಕಡಲೆಯ ಬುಟ್ಟಿ ಹಿಡಿದು ಮಾರುತ್ತ ನಿಂತಿದ್ದ ಅಪರಿಚಿತನೊಬ್ಬನನ್ನು ಕೇಳಿದರು:

"ಯಪ್ಪಾ, ಬಬಲೇಶ್ವರ ಬಸ್ಸ ಎಲ್ಲಿ ನಿಲ್ಲತೈತಿ?"